ಬಿಡದ ಸುಸ್ತಿಗೆ ಯಾವ ಮಾತ್ರೆ ಮೊದಲು?

ಮೊದಲೇ ಹೇಳಿಬಿಡುತ್ತೇನೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅನ್ನೋ ಈ ಕಾಯಿಲೆಯನ್ನು ಬುಡಸಮೇತ ವಾಸಿ ಮಾಡುವ ಮಾತ್ರೆ ಇವತ್ತಿಗೂ ಇಲ್ಲ. ಅಮೆರಿಕದ ಎಫ್‌ಡಿಎ ಇದಕ್ಕೆಂದೇ ಒಂದು ಔಷಧಿಗೂ ಒಪ್ಪಿಗೆ ಕೊಟ್ಟಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ವಾಸಿಯಾಗುತ್ತದೆ ಎಂದು ಹೇಳಿ ಯಾವ ಔಷಧಿಯನ್ನೂ ಕೊಡಬೇಡಿ ಅಂತ ಡಾಕ್ಟರುಗಳಿಗೇ ಬರೆದಿದೆ.

ಹಾಗಾದರೆ ಮಾತ್ರೆಯ ಮಾತೇ ಬೇಡವಾ? ಬೇಕು. ಈ ಕಾಯಿಲೆ ಒಂಟಿಯಾಗಿ ಬರುವುದಿಲ್ಲ. ನಿಂತರೆ ಎದೆ ಹೊಡೆದುಕೊಳ್ಳುವುದು, ನಿದ್ದೆ ಕೆಡುವುದು, ಮೈಕೈ ನೋವು, ತಲೆಗೆ ಮಂಕು ಕವಿಯುವುದು, ಹೀಗೆ ನಾಲ್ಕೈದು ತೊಂದರೆಗಳನ್ನು ಜೊತೆಗೇ ಕರೆತರುತ್ತದೆ. ಅವುಗಳಲ್ಲಿ ಕೆಲವಕ್ಕೆ ಔಷಧಿ ಇದೆ. ಹಾಗಾಗಿ ಯಾವ ಮಾತ್ರೆ ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನನ್ನ ದಿನವನ್ನು ಎಲ್ಲಕ್ಕಿಂತ ಜಾಸ್ತಿ ತಿನ್ನುತ್ತಿರುವ ತೊಂದರೆ ಯಾವುದು ಅಂತ ಕೇಳಿಕೊಂಡರೆ ಸಿಗುತ್ತದೆ.

ನಾನು ಡಾಕ್ಟರಲ್ಲ. ಮಂಡ್ಯದಲ್ಲಿ ಹೈಸ್ಕೂಲ್ ಟೀಚರಾಗಿದ್ದವಳು, ಈಗ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. 2018ರ ಮಳೆಗಾಲದಲ್ಲಿ ಡೆಂಗ್ಯೂ ಬಂತು. ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ. ಅಲ್ಲಿಂದ ಇಲ್ಲಿವರೆಗೆ ನಾನು ತಿಂದ ಮಾತ್ರೆ, ಬಿಟ್ಟ ಮಾತ್ರೆ, ಓದಿ ತಿಳಿದುಕೊಂಡಿದ್ದು, ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಇದನ್ನು ಓದಿ ನೀವೇ ಮೆಡಿಕಲ್ ಸ್ಟೋರಿಗೆ ಹೋಗಿ ಮಾತ್ರೆ ತಗೋಬೇಡಿ. ಓದಿಕೊಂಡು ಡಾಕ್ಟರ ಮುಂದೆ ಕೂತು ಮಾತಾಡಿ.

ಇದು ಅದೇ ಕಾಯಿಲೆಯಾ, ಮೊದಲು ನೋಡಿ

ಸುಸ್ತು ಯಾರಿಗಿಲ್ಲ ಹೇಳಿ. ಕಬ್ಬು ಕಡಿದು ಬಂದವರಿಗೂ ಸುಸ್ತು, ಪರೀಕ್ಷೆ ಪೇಪರ್ ತಿದ್ದಿದವರಿಗೂ ಸುಸ್ತು. ಮಲಗಿ ಎದ್ದರೆ ಅದು ಹೋಗುತ್ತದೆ. ಇದು ಹಾಗಲ್ಲ.

ನನಗೆ ಇದು ಸರಿಯಾಗಿ ಅರ್ಥವಾಗಿದ್ದು ಮುದ್ದೆಯಿಂದ. ಒಂದು ಭಾನುವಾರ ನಾಲ್ಕು ಜನಕ್ಕೆ ಎಸರಿಟ್ಟು, ಪಾತ್ರೆ ಕೆಳಗಿಳಿಸಿ ಕಾಲಲ್ಲಿ ಅದುಮಿ ಹಿಡಿದು, ಕೋಲು ಹಾಕಿ ಹಿಟ್ಟು ತಿರುವಿದೆ. ಐದಾರು ನಿಮಿಷದ ಕೆಲಸ. ಆ ಹೊತ್ತಿಗೆ ಏನೂ ಆಗಲಿಲ್ಲ, ಎಲ್ಲರ ಜೊತೆ ಕೂತು ಊಟವನ್ನೂ ಮಾಡಿದೆ. ಸೋಮವಾರವೂ ಪರವಾಗಿಲ್ಲ. ಮಂಗಳವಾರ ಬೆಳಿಗ್ಗೆ ತೋಳೆತ್ತಿ ಜಡೆ ಹಾಕಿಕೊಳ್ಳಲು ಆಗಲಿಲ್ಲ. ಗಂಟಲು ನೋವು, ಜ್ವರ ಬಂದ ಹಾಗೆ ಮೈ ಭಾರ, ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಮಗ ಏನೋ ಕೇಳಿದರೆ ಆ ಮಾತು ಮುಗಿಯುವ ಹೊತ್ತಿಗೆ ಶುರುವಿನದು ಮರೆತುಹೋಗುತ್ತಿತ್ತು. ಶುಕ್ರವಾರದವರೆಗೆ ಮಂಚ ಬಿಡಲಿಲ್ಲ.

ಇದನ್ನು ನಾನು ಕುಸಿತ ಅಂತ ಕರೆಯುತ್ತೇನೆ. ಸ್ವಲ್ಪ ಶ್ರಮಪಟ್ಟರೂ ಒಂದು ದಿನ, ಎರಡು ದಿನ ಬಿಟ್ಟು ಮೈ ಕುಸಿಯುವುದು. ಶ್ರಮ ಅಂದರೆ ಮೈ ಬಗ್ಗಿಸುವ ಕೆಲಸವೇ ಆಗಬೇಕಿಲ್ಲ. ಮದುವೆ ಮನೆಯ ಮಾತುಕತೆಯೂ ಸಾಕು, ಬ್ಯಾಂಕಿನ ಫಾರಂ ತುಂಬಿದ್ದೂ ಸಾಕು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ಲಕ್ಷಣಗಳ ಪಟ್ಟಿಯಲ್ಲಿ ಈ ಕುಸಿತ ಇರಲೇಬೇಕು. ಜೊತೆಗೆ 6 ತಿಂಗಳಿಗಿಂತ ಹೆಚ್ಚು ಕಾಲ ಮೊದಲಿನಂತೆ ಕೆಲಸ ಮಾಡಲಾಗದಷ್ಟು ಆಯಾಸ, ಎಷ್ಟು ಮಲಗಿದರೂ ದಣಿವಾರದ ನಿದ್ದೆ ಇರಬೇಕು. ಇವುಗಳ ಮೇಲೆ ತಲೆಯ ಮಂಕು ಅಥವಾ ನಿಂತಾಗ ಹೆಚ್ಚಾಗುವ ತೊಂದರೆ, ಎರಡರಲ್ಲಿ ಒಂದಾದರೂ ಇರಬೇಕು. ನಿಮಗೆ ಸುಸ್ತಿದೆ ಆದರೆ ಕುಸಿತ ಇಲ್ಲ ಅಂದರೆ ಬೇರೆ ಕಾರಣ ಹುಡುಕಿ. ಆ ಕಾರಣಗಳಲ್ಲಿ ಹಲವಕ್ಕೆ ಖಂಡಿತ ಚಿಕಿತ್ಸೆ ಇದೆ.

ಕುಸಿತ ಇದ್ದರೂ ರಕ್ತ ಪರೀಕ್ಷೆ ಬಿಡಬೇಡಿ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯಿಡ್, ಶುಗರ್, ಲಿವರ್, ಕಿಡ್ನಿ, ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಇಎಸ್‌ಆರ್. ಕೆಮ್ಮು ಬಿಡದಿದ್ದರೆ, ತೂಕ ಇಳಿಯುತ್ತಿದ್ದರೆ ಟಿಬಿ ಪರೀಕ್ಷೆ. ಜೋರಾಗಿ ಗೊರಕೆ ಹೊಡೆಯುವವರಾದರೆ ನಿದ್ದೆಯ ಪರೀಕ್ಷೆ. ಮನಸ್ಸು ಕುಗ್ಗಿದೆಯಾ ಅನ್ನುವುದನ್ನೂ ಮುಚ್ಚಿಡದೆ ಹೇಳಿ. ಖಿನ್ನತೆ ಬೇರೆ, ಇದು ಬೇರೆ. ಎರಡೂ ಒಟ್ಟಿಗೇ ಇರಬಹುದು.

ಫೆರಿಟಿನ್ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ನಮ್ಮ ಹೆಣ್ಣುಮಕ್ಕಳಿಗೆ ರಕ್ತ ಸರಿಯಾಗಿದೆ, ಹಿಮೋಗ್ಲೋಬಿನ್ 12 ಇದೆ ಅಂತ ಹೇಳಿ ಕಳಿಸಿಬಿಡುತ್ತಾರೆ. ಹಿಮೋಗ್ಲೋಬಿನ್ ಸರಿಯಿದ್ದರೂ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರಕ್ತಹೀನತೆ ಇಲ್ಲದ, ಆದರೆ ಫೆರಿಟಿನ್ 50ಕ್ಕಿಂತ ಕಡಿಮೆ ಇದ್ದ, ಮುಟ್ಟಾಗುವ ವಯಸ್ಸಿನ ಸುಮಾರು 200 ಹೆಂಗಸರಲ್ಲಿ ಅರ್ಧ ಜನಕ್ಕೆ ಕಬ್ಬಿಣದ ಮಾತ್ರೆ, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಡಮ್ಮಿ ಮಾತ್ರೆ ಕೊಟ್ಟು 12 ವಾರ ನೋಡಿದರು. ಕಬ್ಬಿಣ ತಿಂದವರ ಸುಸ್ತು ಹೆಚ್ಚು ಇಳಿಯಿತು. ಇದು ನಮ್ಮ ಕಾಯಿಲೆಯ ಮೇಲೆ ಮಾಡಿದ ಪ್ರಯೋಗವಲ್ಲ. ಆದರೂ ಇಷ್ಟು ಅಗ್ಗದ ಮಾತ್ರೆಯಿಂದ ಹೊರೆಯಲ್ಲಿ ಒಂದು ಪಾಲು ಇಳಿಯುತ್ತದೆ ಅಂದರೆ ಅದನ್ನು ಮೊದಲು ಇಳಿಸಿಕೊಳ್ಳಬೇಕು, ಅಲ್ವಾ?

ಬಿ12 ಕೂಡ ಹಾಗೇ. ಸಸ್ಯಾಹಾರಿಗಳಲ್ಲಿ, ಶುಗರಿಗೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಕಡಿಮೆ ಇರುವುದು ಸಾಮಾನ್ಯ. ನನಗೂ ಕಡಿಮೆ ಇತ್ತು. ಇಂಜೆಕ್ಷನ್ ತಗೊಂಡ ಮೇಲೆ ಪಾದ ಜೋಮು ಹಿಡಿಯುವುದು ನಿಂತಿತು. ಕುಸಿತ ನಿಲ್ಲಲಿಲ್ಲ.

ಬಾಟ್ಲು ಹಾಕಿಸಿಕೊಳ್ಳುವುದು

ನಮ್ಮ ಕಡೆ ಸುಸ್ತು ಅಂದರೆ ಬಾಟ್ಲು ಹಾಕಿಸಿಕೊಂಡು ಬಾ ಅಂತಾರೆ. ಮಂಡ್ಯದ ಒಂದು ಕ್ಲಿನಿಕ್ಕಿನಲ್ಲಿ ನನಗೂ ವಾರಕ್ಕೊಂದರಂತೆ ಗ್ಲೂಕೋಸ್ ಬಾಟ್ಲು ಹಾಕಿದರು, ಜೊತೆಗೆ ಶಕ್ತಿಗೆ ಅಂತ ಒಂದು ಚಿಕ್ಕ ಬಿಳಿ ಮಾತ್ರೆ ಪೊಟ್ಟಣ ಕಟ್ಟಿಕೊಟ್ಟರು. ಆ ಮಾತ್ರೆ ತಿಂದ ಮೂರೇ ದಿನಕ್ಕೆ ಮೈ ಹಗುರವಾಯಿತು. ಅಡುಗೆ ಮಾಡಿದೆ, ಬಟ್ಟೆ ಒಗೆದೆ. ಎರಡು ತಿಂಗಳಿಗೆ ಮುಖ ಊದಿಕೊಂಡು ದುಂಡಗಾಯಿತು, ಶುಗರ್ ಏರಿತು. ಬೇರೆ ಡಾಕ್ಟರ ಹತ್ತಿರ ಹೋದಾಗ ಅದು ಸ್ಟಿರಾಯ್ಡ್ ಅಂತ ಗೊತ್ತಾಯಿತು. ಪೊಟ್ಟಣದ ಮೇಲೆ ಹೆಸರೂ ಇರಲಿಲ್ಲ. ಬಿಡಿಸಿಕೊಳ್ಳಲು ಡಾಕ್ಟರ ನಿಗಾದಲ್ಲಿ ಡೋಸ್ ಇಳಿಸುತ್ತಾ ಇಳಿಸುತ್ತಾ ಮೂರು ತಿಂಗಳು ಹಿಡಿಯಿತು.

ಸ್ಟಿರಾಯ್ಡನ್ನು ಈ ಕಾಯಿಲೆಗೆ ಪರೀಕ್ಷೆ ಮಾಡದೇ ಬಿಟ್ಟಿಲ್ಲ. 1998ರಲ್ಲಿ ಹೈಡ್ರೋಕಾರ್ಟಿಸೋನ್ ಕೊಟ್ಟು ನೋಡಿದರು. ಸ್ವಲ್ಪ ಗುಣ ಕಂಡಿತು, ಆದರೆ ಮೈ ತಾನೇ ತಯಾರಿಸಬೇಕಾದ ಹಾರ್ಮೋನನ್ನೇ ಹಲವರಲ್ಲಿ ಅದುಮಿಬಿಟ್ಟಿತು. ಹಾಗಾಗಿ ಬೇಡ ಅಂದರು. ಹೆಸರಿಲ್ಲದ ಪೊಟ್ಟಣದ ಮಾತ್ರೆಯನ್ನು ದಯವಿಟ್ಟು ನುಂಗಬೇಡಿ. ಈಗಾಗಲೇ ತಿನ್ನುತ್ತಿದ್ದರೆ ಒಂದೇ ಸಲಕ್ಕೆ ನಿಲ್ಲಿಸಲೂ ಬೇಡಿ, ಅದು ಪ್ರಾಣಕ್ಕೇ ಅಪಾಯ.

ನಿಂತರೆ ತಡೆಯಲಾಗದವರಿಗೆ

ನನ್ನ ಅನುಭವದಲ್ಲಿ ಮಾತ್ರೆಯಿಂದ ಅತಿ ಹೆಚ್ಚು ಉಪಯೋಗ ಸಿಗುವುದು ಇಲ್ಲಿ. ಡಾಕ್ಟರುಗಳು ಕೇಳದೇ ಬಿಡುವುದೂ ಇದನ್ನೇ. ಕೂತಾಗ ಬಿಪಿ ನೋಡಿ 110/70, ಚೆನ್ನಾಗಿದೆ ಅಂತ ಬರೆದುಕೊಳ್ಳುತ್ತಾರೆ. ತೊಂದರೆ ಇರುವುದು ನಿಂತಾಗ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬೆಳಿಗ್ಗೆ ಕಾಫಿಗೆ ಮುಂಚೆ 10 ನಿಮಿಷ ಸುಮ್ನೆ ಅಂಗಾತ ಮಲಗಿ. ಬಿಪಿ, ನಾಡಿ ಎರಡನ್ನೂ ಮಿಷನ್ನಿನಲ್ಲಿ ನೋಡಿ ಬರೆದಿಡಿ. ಆಮೇಲೆ ಎದ್ದು ಗೋಡೆಯಿಂದ ಒಂದು ಗೇಣು ಮುಂದೆ ಹಿಮ್ಮಡಿ ಇಟ್ಟು, ಬೆನ್ನು ಗೋಡೆಗೆ ಒರಗಿಸಿ 10 ನಿಮಿಷ ನಿಲ್ಲಿ. ಅಲ್ಲಾಡಬೇಡಿ, ಮಾತಾಡಬೇಡಿ. ನಿಮಿಷಕ್ಕೊಂದು ಸಲ ಜೊತೆಯಲ್ಲಿದ್ದವರು ಬಿಪಿ, ನಾಡಿ ಬರೆಯಲಿ. ಒಬ್ಬರೇ ಇದ್ದಾಗ ಮಾಡಲೇಬೇಡಿ, ತಲೆ ಸುತ್ತಿ ಬೀಳಬಹುದು. ಕಣ್ಣು ಕತ್ತಲಿಟ್ಟರೆ ಅಲ್ಲಿಗೇ ನಿಲ್ಲಿಸಿ ಮಲಗಿಬಿಡಿ.

ನಮ್ಮತ್ತೆ ಹಳೇ ಕ್ಯಾಲೆಂಡರಿನ ಹಿಂದುಗಡೆ ಬರೆದುಕೊಂಡರು. ಮಲಗಿದ್ದಾಗ ನಾಡಿ 72. ನಿಂತ ಎರಡನೇ ನಿಮಿಷಕ್ಕೆ 98. ಐದಕ್ಕೆ 109. ಒಂಬತ್ತಕ್ಕೆ 118. ಪಾದ ನೋಡಿಕೊಂಡರೆ ಕೆಂಪು ನೇರಳೆ ಬಣ್ಣಕ್ಕೆ ತಿರುಗಿತ್ತು. "ನೀನು ಸುಳ್ಳು ಹೇಳ್ತಿರ್ಲಿಲ್ಲ ಕಣವ್ವ" ಅಂದರು ಅತ್ತೆ. ಅಷ್ಟು ವರ್ಷದಲ್ಲಿ ನನಗೆ ತುಂಬ ಬೇಕಾಗಿದ್ದ ಮಾತು ಅದು.

ಬಿಪಿ ಹೆಚ್ಚು ಬೀಳದೆ, ಬರೀ ನಾಡಿ 10 ನಿಮಿಷದಲ್ಲಿ 30ಕ್ಕಿಂತ ಜಾಸ್ತಿ ಏರಿದರೆ, ಅದೂ ಈ ತೊಂದರೆಗಳು ತಿಂಗಳುಗಟ್ಟಲೆ ಇದ್ದರೆ, ಅದಕ್ಕೆ ಪಾಟ್ಸ್ ಅನ್ನುತ್ತಾರೆ. ಹದಿಹರೆಯದವರಿಗೆ ಈ ಲೆಕ್ಕ 40. ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ಬೇರೆ, ನಿಂತಾಗ ಬಿಪಿ ಬೀಳುವ ತೊಂದರೆ. ಎರಡಕ್ಕೂ ಔಷಧಿ ಬೇರೆ ಬೇರೆ. ಅದಕ್ಕೇ ಈ ಅಂಕಿಗಳು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮಾತ್ರೆಗೆ ಮುಂಚೆ ನೀರು, ಉಪ್ಪು, ಓಆರ್‌ಎಸ್. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಇದಿಲ್ಲದೆ ಯಾವ ಮಾತ್ರೆಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಿಪಿ ಜಾಸ್ತಿ ಇರುವವರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಉಪ್ಪಿನ ದಾರಿ ಹಿಡಿಯಬಾರದು. ಸೊಂಟದವರೆಗೆ ಬರುವ ಬಿಗಿ ಸ್ಟಾಕಿಂಗ್ಸ್ ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆ. ನನಗೆ ಸೆಕೆಯಲ್ಲಿ ಹಾಕಿಕೊಳ್ಳುವುದೇ ಒಂದು ಶ್ರಮವಾಗಿ ಬಿಟ್ಟುಬಿಟ್ಟೆ.

ಈಗ ಮಾತ್ರೆಗಳು. ನಾಡಿ ಇಳಿಸುವ ಪ್ರೊಪ್ರಾನಲಾಲ್ ಎಲ್ಲ ಕಡೆ ಸಿಗುತ್ತದೆ, ಬೆಲೆ ಕಡಿಮೆ, ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತು. ಪಾಟ್ಸ್‌ಗೆ ದಿನಕ್ಕೆ 10ರಿಂದ 20 ಮಿಲಿಗ್ರಾಂನಷ್ಟು ಸಣ್ಣ ಡೋಸಿನಿಂದ ಶುರು ಮಾಡುವುದು ರೂಢಿ. ಮೈಗ್ರೇನ್ ಕೂಡ ಇರುವವರಿಗೆ ಒಂದೇ ಕಲ್ಲಿಗೆ ಎರಡು ಹಣ್ಣು. ಆದರೆ ಆಸ್ತಮಾ ಇರುವವರಿಗೆ ಕೂಡದು. ಮೊದಲೇ ಬಿಪಿ ಕಡಿಮೆ ಇದ್ದರೆ ಇನ್ನೂ ಇಳಿಸುತ್ತದೆ. ಸುಸ್ತನ್ನೇ ಹೆಚ್ಚು ಮಾಡುವುದೂ ಉಂಟು. ನನಗೆ ಆಗಿದ್ದು ಅದೇ. ನಾಡಿ ಇಳಿಯಿತು, ನಾನೂ ಇಳಿದುಹೋದೆ.

ಐವಾಬ್ರಡಿನ್ ನಾಡಿಯನ್ನಷ್ಟೇ ಇಳಿಸುತ್ತದೆ, ಬಿಪಿಗೆ ಹೆಚ್ಚು ಕೈ ಹಾಕುವುದಿಲ್ಲ. ಪಾಟ್ಸ್ ಮೇಲೆ 2021ರಲ್ಲಿ ಪ್ರಕಟವಾದ ಪ್ರಯೋಗ ಚಿಕ್ಕದು, 22 ಜನ ಅಷ್ಟೇ, ಆದರೆ ಡಮ್ಮಿ ಮಾತ್ರೆಯ ಜೊತೆ ಹೋಲಿಸಿ ನೋಡಿದ್ದು. ನಾಡಿಯೂ ಇಳಿಯಿತು, ಜನಕ್ಕೆ ದಿನದ ಕೆಲಸವೂ ಸುಲಭವಾಯಿತು. ಕೆಲವರಿಗೆ ಕತ್ತಲಿನಿಂದ ಬೆಳಕಿಗೆ ಬಂದಾಗ ಕಣ್ಣ ಮುಂದೆ ಮಿಂಚಿದಂತೆ ಕಾಣುತ್ತದೆ, ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಬಸುರಿಯರಿಗೆ, ಮಗು ಬೇಕು ಅಂದುಕೊಂಡಿರುವವರಿಗೆ ಬೇಡವೇ ಬೇಡ. ಕೆಲವು ಆಂಟಿಬಯೋಟಿಕ್, ಫಂಗಸ್ ಮಾತ್ರೆ, ಡಿಲ್ಟಿಯಾಜೆಮ್, ವೆರಾಪಮಿಲ್ ಜೊತೆ ಆಗುವುದಿಲ್ಲ. ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ರಸವೂ ಇದರ ಜೊತೆ ಕೂಡದು. ಇಸಿಜಿ ನೋಡದೆ ಶುರು ಮಾಡುವ ಮಾತ್ರೆ ಅಲ್ಲ ಇದು. ಬೆಲೆ ಪ್ರೊಪ್ರಾನಲಾಲ್‌ಗಿಂತ ಎಷ್ಟೋ ಜಾಸ್ತಿ. ಆದರೂ ನನಗೆ ಕೆಲಸ ಮಾಡಿದ್ದು ಇದೇ. ಒಲೆ ಮುಂದೆ ನಾಲ್ಕು ನಿಮಿಷ ನಿಲ್ಲುತ್ತಿದ್ದವಳು ಈಗ ಹದಿನೈದು ನಿಮಿಷ ನಿಲ್ಲುತ್ತೇನೆ. ಒಗ್ಗರಣೆ ಹಾಕಿ ಸಾರು ಇಳಿಸುವಷ್ಟು ಹೊತ್ತು.

ಬಿಪಿ ಬೀಳುವವರಿಗೆ ಮಿಡೋಡ್ರಿನ್. ರಕ್ತನಾಳ ಬಿಗಿ ಮಾಡಿ ಬಿಪಿ ಏರಿಸುತ್ತದೆ, ತಲೆ ಬುರುಡೆಯಲ್ಲಿ ತುರಿಕೆ, ಮೈ ಜುಮ್ಮೆನ್ನುವುದು ಇದರ ಗುರುತು. ಇಲ್ಲೊಂದು ದೊಡ್ಡ ಷರತ್ತಿದೆ. ಮಾತ್ರೆ ತಿಂದ ಮೇಲೆ ಸುಮಾರು 4 ಗಂಟೆ ಚಪ್ಪಟೆಯಾಗಿ ಮಲಗಬಾರದು, ಬಿಪಿ ವಿಪರೀತ ಏರಿಬಿಡುತ್ತದೆ. ಹಗಲೆಲ್ಲ ಗಂಟೆಗೊಮ್ಮೆ ಮಲಗಲೇಬೇಕಾದವರಿಗೆ ಇದನ್ನು ಬರೆದುಕೊಟ್ಟರೆ ಏನು ಮಾಡುತ್ತಾರೆ ಹೇಳಿ? ಸುಮಾರಾಗಿ ಓಡಾಡಿಕೊಂಡಿರುವವರಿಗೆ ಸರಿ, ಮಂಚ ಹಿಡಿದವರಿಗೆ ಕಷ್ಟ.

ಫ್ಲುಡ್ರೋಕಾರ್ಟಿಸೋನ್ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಇದೇ ಕಾಯಿಲೆಯ 100 ಜನರ ಮೇಲೆ ಮಾಡಿದ ಪ್ರಯೋಗ 2001ರಲ್ಲಿ ಬಂತು, ಡಮ್ಮಿಗಿಂತ ಮೇಲು ಅನಿಸಲಿಲ್ಲ. ಕೆಲವರಿಗೆ ಬೇರೆಯದರ ಜೊತೆ ಸಹಾಯಕ್ಕೆ ಬರುತ್ತದೆ, ಪೊಟ್ಯಾಷಿಯಂ ಇಳಿಯುತ್ತದಾ ಅಂತ ಆಗಾಗ ರಕ್ತ ನೋಡಿಸಬೇಕು. ನಾನಾದರೆ ಇದನ್ನು ಮೊದಲನೆಯದಾಗಿ ಆರಿಸುವುದಿಲ್ಲ.

ಪಿರಿಡೋಸ್ಟಿಗ್ಮಿನ್ ಹಳೇ ಔಷಧಿ, ಮಯಸ್ತೇನಿಯಾ ಗ್ರಾವಿಸ್ ಅನ್ನೋ ಸ್ನಾಯುವಿನ ಕಾಯಿಲೆಗೆ ಕೊಡುವುದು. ನರರೋಗದ ಡಾಕ್ಟರುಗಳಿಗೆ ಪರಿಚಯದ ಹೆಸರು. 2022ರಲ್ಲಿ ನಮ್ಮ ಕಾಯಿಲೆಯ 45 ಜನರಲ್ಲಿ ಒಂದೇ ಒಂದು 60 ಮಿಲಿಗ್ರಾಂ ಡೋಸ್ ಕೊಟ್ಟು ಸೈಕಲ್ ತುಳಿಸಿ ನೋಡಿದಾಗ, ಮೈ ಆಮ್ಲಜನಕ ಬಳಸಿಕೊಳ್ಳುವುದು ಡಮ್ಮಿಗಿಂತ ಉತ್ತಮವಾಯಿತು. ಒಂದು ಡೋಸಿನ ಫಲ ಅದು. ತಿಂಗಳುಗಟ್ಟಲೆ ತಿಂದರೆ ಹಾಗೇ ಇರುತ್ತದೆ ಅಂತ ಅದರಿಂದ ಹೇಳಲಾಗುವುದಿಲ್ಲ. ಹೊಟ್ಟೆ ನುಲಿಯುವುದು, ಭೇದಿ ಇದರ ಕಾಟ. ಮಲಬದ್ಧತೆ ಇರುವವರಿಗೆ ಅದೇ ಅನುಕೂಲವಾಗಲೂಬಹುದು.

ನಿದ್ದೆ, ನೋವು

ಇಲ್ಲಿ ಮೊದಲು ಬರೆದುಕೊಡುವುದು ಅಮಿಟ್ರಿಪ್ಟಿಲಿನ್. ಹಾಳೆ ಓದಿ ಇದು ಖಿನ್ನತೆಯ ಮಾತ್ರೆ, ನನಗೆ ಹುಚ್ಚು ಅಂದುಕೊಂಡಿದ್ದಾರೆ ಅಂತ ಬೇಜಾರಾಗಬೇಡಿ. ಖಿನ್ನತೆಗೆ ಕೊಡುವ ಡೋಸ್ ಇದರ ಎಷ್ಟೋ ಪಟ್ಟು. ರಾತ್ರಿ 10 ಮಿಲಿಗ್ರಾಂ ನೋವಿನ ನರಗಳನ್ನು ಸ್ವಲ್ಪ ತಣಿಸಿ ನಿದ್ದೆ ಗಟ್ಟಿ ಮಾಡುತ್ತದೆ. ನಮ್ಮಂಥವರಿಗೆ 10 ಕೂಡ ಜಾಸ್ತಿಯಾಗಬಹುದು. ನಾನು ಡಾಕ್ಟರನ್ನು ಕೇಳಿ, ಸ್ಟೀಲ್ ತಟ್ಟೆಯ ಮೇಲೆ ಬ್ಲೇಡಿನಿಂದ ಎರಡು ಹೋಳು ಮಾಡಿ 5ರಿಂದ ಶುರು ಮಾಡಿದೆ. ಮಲಗುವ ಹೊತ್ತಿಗೆ ತಿಂದರೆ ಬೆಳಿಗ್ಗೆ ಹತ್ತರವರೆಗೆ ತೂಕಡಿಕೆ, ರಾತ್ರಿ ಎಂಟಕ್ಕೇ ತಿಂದರೆ ಪರವಾಗಿಲ್ಲ. ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ನಾಡಿಯನ್ನು ಏರಿಸುತ್ತದೆ. ಪಾಟ್ಸ್ ಇದ್ದವರು ಇದನ್ನು ಶುರು ಮಾಡಿದ ಎರಡು ವಾರಕ್ಕೆ ಗೋಡೆಯ ಪರೀಕ್ಷೆ ಮತ್ತೊಮ್ಮೆ ಮಾಡಿ ನೋಡಿ.

ನೋವಿಲ್ಲ, ನಿದ್ದೆ ಹತ್ತುವುದಷ್ಟೇ ಕಷ್ಟ ಅಂದರೆ ಮೆಲಟೋನಿನ್ ಹಗುರ. ನಿದ್ದೆ ಹತ್ತುತ್ತದೆ, ನಡುರಾತ್ರಿ ಎಚ್ಚರವಾಗುತ್ತದೆ ಅನ್ನುವವರಿಗೆ ಕೆಲವು ಡಾಕ್ಟರುಗಳು ಟ್ರಾಜೋಡೋನ್ ಕೊಡುತ್ತಾರೆ, ಅದು ನಿಂತಾಗ ಬಿಪಿ ಬೀಳಿಸಬಹುದು. ಮೈಯೆಲ್ಲ ನೋಯುವ ಫೈಬ್ರೋಮಯಾಲ್ಜಿಯಾ ಅನ್ನೋ ಕಾಯಿಲೆ ಕೂಡ ಇದೆ ಅಂದರೆ ಡುಲೋಕ್ಸೆಟಿನ್ ಅಥವಾ ಪ್ರಿಗ್ಯಾಬಲಿನ್. ಮೊದಲನೆಯದು ಶುರುವಿನ ವಾರಗಳಲ್ಲಿ ವಾಕರಿಕೆ ತರುತ್ತದೆ. ಎರಡನೆಯದು ತಲೆ ತಿರುಗಿಸುತ್ತದೆ, ತೂಕ ಏರಿಸುತ್ತದೆ, ಕಾಲು ಊದಿಸುತ್ತದೆ, ತಲೆ ಮಂಕಿರುವವರಿಗೆ ಮಂಕು ಇನ್ನೂ ಕವಿಯುತ್ತದೆ. ಪಾಠ ಮಾಡುವವರು, ಲೆಕ್ಕ ಬರೆಯುವವರು ಯೋಚಿಸಿ.

ಆಲ್‌ಪ್ರಜೋಲಾಮ್ ಥರದ ಆತಂಕದ, ನಿದ್ದೆಯ ಮಾತ್ರೆಗೆ ಮಾತ್ರ ದಿನಾ ಅಂಟಿಕೊಳ್ಳಬೇಡಿ. ಬಿಡಿಸಿಕೊಳ್ಳುವುದು ಮೂಲ ಕಾಯಿಲೆಯಷ್ಟೇ ಕಷ್ಟ.

ನಾಲ್ಟ್ರೆಕ್ಸೋನ್ ಸಣ್ಣ ಡೋಸಿನಲ್ಲಿ

ಎಲ್ಲರೂ ಕೇಳುವುದು ಇದರ ಬಗ್ಗೆಯೇ. ನಾಲ್ಟ್ರೆಕ್ಸೋನ್ 50 ಮಿಲಿಗ್ರಾಂ ಮಾತ್ರೆ ಕುಡಿತ ಬಿಡಿಸಲು, ಅಫೀಮಿನ ಜಾತಿಯ ಮಾದಕಗಳ ಚಟ ಬಿಡಿಸಲು ಕೊಡುವುದು. ಅಮೆರಿಕದಲ್ಲಿ 1984ರಲ್ಲಿ ಒಪ್ಪಿಗೆ ಸಿಕ್ಕಿದ ಔಷಧಿ. ಅದನ್ನೇ ಹತ್ತನೇ ಒಂದು ಪಾಲಿಗಿಂತ ಕಡಿಮೆ, ಅಂದರೆ ಅರ್ಧದಿಂದ ನಾಲ್ಕೂವರೆ ಮಿಲಿಗ್ರಾಂ ಡೋಸಿನಲ್ಲಿ ಕೊಟ್ಟರೆ ನರಮಂಡಲದ ಉರಿಯೂತ ಇಳಿಯಬಹುದು ಅನ್ನುವುದು ಲೆಕ್ಕಾಚಾರ.

ಫಿನ್ಲೆಂಡಿನಲ್ಲಿ 218 ರೋಗಿಗಳ ಹಳೇ ಕಡತ ತೆಗೆದು ನೋಡಿ 2019ರಲ್ಲಿ ಪ್ರಕಟಿಸಿದರು. ನಾಲ್ವರಲ್ಲಿ ಸುಮಾರು ಮೂವರಿಗೆ ಏನೋ ಒಂದು ಗುಣ ಕಂಡಿತ್ತು. ದೊಡ್ಡ ಅಡ್ಡಪರಿಣಾಮ ಇರಲಿಲ್ಲ. ಆದರೆ ಹೋಲಿಸಲು ಡಮ್ಮಿ ಗುಂಪೇ ಅಲ್ಲಿ ಇರಲಿಲ್ಲ. ಇದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಸಣ್ಣ ಡೋಸಿನ ಮಾತ್ರೆ ಮಾಮೂಲಿ ಮೆಡಿಕಲ್ ಸ್ಟೋರಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ದೊಡ್ಡ ಮಾತ್ರೆಯಿಂದ ಹೇಗೆ ಅಳೆದು ತಗೋಬೇಕು ಅಂತ ಬರೆದುಕೊಟ್ಟ ಡಾಕ್ಟರೇ ಹೇಳಬೇಕು, ಊಹೆಯಿಂದ ಮುರಿದು ತಿನ್ನುವ ಔಷಧಿ ಅಲ್ಲ ಇದು. ಮೊದಲ ವಾರಗಳಲ್ಲಿ ನಿದ್ದೆ ಕೆಡುತ್ತದೆ, ಬಣ್ಣ ಬಣ್ಣದ ಕನಸು ಬೀಳುತ್ತದೆ. ಬೆಳಿಗ್ಗೆ ತಗೊಂಡರೆ ಕೆಲವರಿಗೆ ಅದು ಕಡಿಮೆ. ನಾನು ನಾಲ್ಕು ತಿಂಗಳು ತಗೊಂಡೆ. ನೋವು ಇಳಿಯಿತು, ಕುಸಿತ ಬಂದರೆ ಐದು ದಿನದ ಬದಲು ಮೂರು ದಿನಕ್ಕೆ ಏಳುತ್ತೇನೆ. ನಿಲ್ಲಿಸಿ ನೋಡಿದಾಗ ನೋವು ಮತ್ತೆ ಬಂತು, ಹಾಗಾಗಿ ಮುಂದುವರಿಸಿದ್ದೇನೆ.

ಒಂದು ಅಪಾಯ ಚೆನ್ನಾಗಿ ನೆನಪಿಡಿ. ಟ್ರಮಡಾಲ್, ಕೋಡಿನ್, ಮಾರ್ಫಿನ್ ಜಾತಿಯ ಔಷಧಿಗಳ ಜೊತೆ ಇದು ಕೂಡದು. ನಮ್ಮಲ್ಲಿ ಬೆನ್ನುನೋವಿಗೆ ಕೊಡುವ ಎಷ್ಟೋ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಸೇರಿರುತ್ತದೆ, ಕೆಲವು ಕೆಮ್ಮಿನ ಸಿರಪ್ಪಿನಲ್ಲಿ ಕೋಡಿನ್ ಇರುತ್ತದೆ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ. ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ.

ಇದರ ಜೊತೆ ಹೋಲಿಸುವುದು ಸಣ್ಣ ಡೋಸಿನ ಅರಿಪಿಪ್ರಜೋಲ್ ಅನ್ನು. ಮಾನಸಿಕ ಕಾಯಿಲೆಗೆ 10ರಿಂದ 30 ಮಿಲಿಗ್ರಾಂ ಕೊಡುವ ಔಷಧಿಯನ್ನು ಕಾಲು ಮಿಲಿಗ್ರಾಂನಿಂದ 2 ಮಿಲಿಗ್ರಾಂವರೆಗೆ ಕೊಡುವುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ 101 ಜನರ ಕಡತ ನೋಡಿ ಬರೆದರು, ಅಲ್ಲೂ ನಾಲ್ವರಲ್ಲಿ ಮೂವರಿಗೆ ಗುಣ, ಅಲ್ಲೂ ಡಮ್ಮಿ ಇಲ್ಲ. ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದು. ಎರಡರಲ್ಲಿ ಒಂದು ಅಂದರೆ ನಾನು ನಾಲ್ಟ್ರೆಕ್ಸೋನ್ ಮೊದಲು ಅನ್ನುತ್ತೇನೆ. ಬಿಡಬೇಕೆಂದಾಗ ಬಿಡುವುದು ಸುಲಭ, ಅದೇ ಕಾರಣ.

ಎಚ್ಚರ ಮಾಡುವ ಮಾತ್ರೆ, ಮನಸ್ಸಿನ ಮಾತ್ರೆ

ಮೊಡಾಫಿನಿಲ್, ಮಿಥೈಲ್‌ಫೆನಿಡೇಟ್ ಕಣ್ಣು ತೆರೆಸುತ್ತವೆ. ಶಕ್ತಿ ಕೊಡುವುದಿಲ್ಲ. ಇಲ್ಲದ ಶಕ್ತಿಯನ್ನು ಖರ್ಚು ಮಾಡಿಸುತ್ತವೆ, ಎರಡು ದಿನ ಬಿಟ್ಟು ಮೈ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಕುಸಿತ ಇರುವವರು ದೂರ ಇರುವುದು ಒಳ್ಳೆಯದು.

ಫ್ಲುಯಾಕ್ಸೆಟಿನ್ ಥರದ ಖಿನ್ನತೆಯ ಮಾತ್ರೆಗಳನ್ನು ನೆದರ್ಲೆಂಡ್ಸ್‌ನಲ್ಲಿ 1996ರಲ್ಲೇ ಪರೀಕ್ಷೆ ಮಾಡಿದರು, ಈ ಕಾಯಿಲೆಗೆ ಉಪಯೋಗ ಕಾಣಲಿಲ್ಲ. ಖಿನ್ನತೆಯೂ ಇದ್ದರೆ ತಗೊಳ್ಳಲೇಬೇಕು, ಅದರಲ್ಲಿ ಸಂಕೋಚ ಬೇಡ.

ದೊಡ್ಡ ಹೆಸರು, ದೊಡ್ಡ ಖರ್ಚು

ರಿಟುಕ್ಸಿಮಾಬ್ ಅನ್ನೋ ಕ್ಯಾನ್ಸರ್ ಔಷಧಿಯ ಕಥೆಯನ್ನು ಎಲ್ಲರೂ ತಿಳಿದಿರಬೇಕು. ನಾರ್ವೆಯ ಕ್ಯಾನ್ಸರ್ ಡಾಕ್ಟರುಗಳಾದ ಫ್ಲೂಗೆ ಮತ್ತು ಮೆಲ್ಲಾ ತಮ್ಮ ಕ್ಯಾನ್ಸರ್ ರೋಗಿಯೊಬ್ಬರಲ್ಲಿ ಕೀಮೋ ಆದ ಮೇಲೆ ಹಳೇ ಆಯಾಸವೂ ಇಳಿದಿದ್ದನ್ನು ಗಮನಿಸಿದರು. 2011ರಲ್ಲಿ 30 ಜನರ ಮೇಲೆ ರಿಟುಕ್ಸಿಮಾಬ್ ನೋಡಿದರು. ಔಷಧಿ ಪಡೆದ 15ರಲ್ಲಿ 10 ಜನಕ್ಕೆ ಗುಣ, ಡಮ್ಮಿ ಪಡೆದ 15ರಲ್ಲಿ ಇಬ್ಬರಿಗೆ. ಲೋಕದ ರೋಗಿಗಳೆಲ್ಲ ಕುಣಿದಾಡುವಂಥ ಸುದ್ದಿ. ಆ ಡಾಕ್ಟರುಗಳೇ ಮತ್ತೆ 151 ಜನರ ಮೇಲೆ ಸರಿಯಾಗಿ ಮಾಡಿ 2019ರಲ್ಲಿ ಪ್ರಕಟಿಸಿದರು. ಔಷಧಿ ಪಡೆದವರಿಗೂ ಡಮ್ಮಿ ಪಡೆದವರಿಗೂ ವ್ಯತ್ಯಾಸವೇ ಇಲ್ಲ. ಡಮ್ಮಿ ಪಡೆದವರಲ್ಲೂ ಮೂವರಲ್ಲಿ ಒಬ್ಬರು ಸುಧಾರಿಸಿದ್ದರು. ಈ ಕಾಯಿಲೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಇಳಿದ ತಿಂಗಳಲ್ಲಿ ಏನು ತಿಂದಿದ್ದೆವೋ ಅದೇ ಸಂಜೀವಿನಿ ಅನಿಸುತ್ತದೆ. ಡಮ್ಮಿ ಗುಂಪು ಬೇಕಾಗುವುದು ಇದಕ್ಕೇ. ತಾವೇ ಹುಟ್ಟಿಸಿದ ಆಸೆಯನ್ನು ತಾವೇ ಪರೀಕ್ಷೆ ಮಾಡಿ, ಇಲ್ಲ ಅಂತ ಒಪ್ಪಿಕೊಂಡ ಆ ಇಬ್ಬರ ಮೇಲೆ ನನಗೆ ತುಂಬ ಗೌರವ.

ಅದೇ ತಂಡ 2025ರಲ್ಲಿ ಡಾರಟುಮುಮಾಬ್ ಅನ್ನೋ ಇನ್ನೊಂದು ಔಷಧಿಯನ್ನು 10 ಹೆಂಗಸರಿಗೆ ಕೊಟ್ಟು, 6 ಜನಕ್ಕೆ ಚೆನ್ನಾಗಿ ಗುಣ ಕಂಡಿತು ಅಂತ ಪ್ರಕಟಿಸಿದೆ. ಆಸೆ ಇಟ್ಟುಕೊಳ್ಳೋಣ, ದುಡ್ಡು ಕಟ್ಟುವುದು ಬೇಡ. ಆಂಪ್ಲಿಜೆನ್ ಅನ್ನುವ ಔಷಧಿಗೆ 2016ರಲ್ಲಿ ಅರ್ಜೆಂಟೀನಾದಲ್ಲಿ ಒಪ್ಪಿಗೆ ಸಿಕ್ಕಿದೆ, ಅಮೆರಿಕದಲ್ಲಿ 2013ರಲ್ಲಿ ಸಾಕ್ಷ್ಯ ಸಾಲದು ಅಂತ ತಿರಸ್ಕರಿಸಿದರು. ಇಂಥ ಔಷಧಿ ತರಿಸಿಕೊಡುತ್ತೇವೆ, ಸ್ಟೆಮ್ ಸೆಲ್ ಹಾಕುತ್ತೇವೆ ಅಂತ ಯಾರಾದರೂ ಬಂದರೆ, ಒಡವೆ ಅಡವಿಡುವ ಮೊದಲು, ಡಮ್ಮಿ ಜೊತೆ ಹೋಲಿಸಿದ ಪ್ರಯೋಗ ಎಲ್ಲಿ ಆಗಿದೆ, ಎಷ್ಟು ಜನರ ಮೇಲೆ ಅಂತ ಕೇಳಿ.

ಅಶ್ವಗಂಧದ ಬಗ್ಗೆ ಮೈಸೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಒತ್ತಡ, ನಿದ್ದೆಗೆ ಸ್ವಲ್ಪ ಸಹಾಯ ಅಂತ ತೋರಿಸಿದ ಚಿಕ್ಕ ಪ್ರಯೋಗಗಳಿವೆ. ಆದರೆ ಥೈರಾಯಿಡ್ ಹಾರ್ಮೋನ್ ಏರಿಸಬಹುದು, ಅಪರೂಪಕ್ಕೆ ಲಿವರಿಗೆ ಪೆಟ್ಟು ಬಿದ್ದ ವರದಿಗಳೂ ಇವೆ. ತಗೊಳ್ಳುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ, ಅಷ್ಟೇ.

ಹೇಗೆ ಪರೀಕ್ಷಿಸಿ ನೋಡುವುದು

ಒಂದು ಸಲಕ್ಕೆ ಒಂದೇ ಮಾತ್ರೆ. ಎರಡು ಒಟ್ಟಿಗೆ ಶುರು ಮಾಡಿದರೆ ಗುಣ ಯಾವುದರದು, ತೊಂದರೆ ಯಾವುದರದು ಗೊತ್ತಾಗುವುದಿಲ್ಲ. ಮಾಮೂಲಿ ಡೋಸಿನ ಅರ್ಧ, ಕಾಲು ಭಾಗದಿಂದ ಶುರು ಮಾಡಬಹುದಾ ಅಂತ ಕೇಳಿ. ಈ ಕಾಯಿಲೆಯವರಿಗೆ ಔಷಧಿ ಬೇಗ ತಾಗುತ್ತದೆ, ಕಡಿಮೆಯಿಂದ ಶುರು ಮಾಡಿ ಅಂತ ನೈಸ್ ಮಾರ್ಗಸೂಚಿಯಲ್ಲೇ ಇದೆ. ನಾಡಿ, ಬಿಪಿ ಮಾತ್ರೆಗೆ ಎರಡು ಮೂರು ವಾರ ಸಾಕು. ಅಮಿಟ್ರಿಪ್ಟಿಲಿನ್‌ಗೆ ಆರು ವಾರ. ನಾಲ್ಟ್ರೆಕ್ಸೋನ್‌ಗೆ ಮೂರು ತಿಂಗಳು. ಶುರು ಮಾಡುವ ಎರಡು ವಾರ ಮುಂಚಿನಿಂದಲೇ ದಿನಾ ಮೂರು ಅಂಕಿ ಬರೆಯಿರಿ. ಎಷ್ಟು ಗಂಟೆ ಮಲಗದೆ ಇದ್ದಿರಿ, ಕುಸಿತ ಇತ್ತಾ, ರಾತ್ರಿ ಎಷ್ಟು ಸಲ ಎಚ್ಚರವಾಯಿತು. ನೆನಪನ್ನು ನಂಬಬೇಡಿ, ಮಂಕು ಕವಿದ ತಲೆಗೆ ಕಳೆದ ತಿಂಗಳು ನೆನಪಿರುವುದಿಲ್ಲ.

ಮಾತ್ರೆಯಿಂದ ಒಂದು ಗಂಟೆ ಜಾಸ್ತಿ ಸಿಕ್ಕಿತು ಅಂತ ಒಂದು ಗಂಟೆ ಜಾಸ್ತಿ ಕೆಲಸ ಹಿಡಿಯಬೇಡಿ. ಐವಾಬ್ರಡಿನ್ ಹಿಡಿಸಿದ ಮೂರನೇ ವಾರ ನಾನು ಅದೇ ಮಾಡಿದೆ, ದೇವರಾಜ ಮಾರುಕಟ್ಟೆಯಲ್ಲಿ ಹಬ್ಬದ ಹೂವು ಹಣ್ಣು ತಂದೆ, ಎಂಟು ದಿನ ಮಲಗಿದೆ. ಕುಕ್ಕರಹಳ್ಳಿ ಕೆರೆ ಸುತ್ತಿ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ನಡೆದರೆ ಸರಿಹೋಗುತ್ತದೆ ಅಂತ ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹಾಗೆ ಏರಿಸುತ್ತಾ ಹೋಗುವ ವ್ಯಾಯಾಮವನ್ನು 2021ರ ಅದೇ ಮಾರ್ಗಸೂಚಿ ಕೈಬಿಟ್ಟಿದೆ.

ಡಾಕ್ಟರ ಹತ್ತಿರ ಹೋಗುವಾಗ ಕಡತದ ಗಂಟು ಹೊತ್ತುಕೊಂಡು ಹೋಗಬೇಡಿ. ದೊಡ್ಡಾಸ್ಪತ್ರೆಯ ಓಪಿಡಿಯಲ್ಲಿ ನಿಮಗೆ ಸಿಗುವುದು ಐದು ನಿಮಿಷ. ಒಂದೇ ಹಾಳೆ ಸಾಕು. ಗೋಡೆಯ ಪರೀಕ್ಷೆಯ ಅಂಕಿ, ಈಗ ತಿನ್ನುತ್ತಿರುವ ಮಾತ್ರೆ, ಒಂದು ತೊಂದರೆ, ಒಂದು ಪ್ರಶ್ನೆ. ಮೊದಲು ಜನರಲ್ ಮೆಡಿಸಿನ್ ಡಾಕ್ಟರು, ನಾಡಿ ಏರುವುದು ಖಚಿತವಾದರೆ ಹೃದಯದ ಡಾಕ್ಟರು. ಜೊತೆಗೆ ಮನೆಯವರೊಬ್ಬರು ಇರಲಿ. ನನಗೆ ಮಾತು ತಡವರಿಸಿದಾಗ ನಮ್ಮೆಜಮಾನ್ರು ಆ ಹಾಳೆ ಓದಿ ಹೇಳಿದರು.

ನಾನೇ ಹೊಸದಾಗಿ ಶುರು ಮಾಡಬೇಕಿದ್ದರೆ ಹೀಗೆ ಹೋಗುತ್ತಿದ್ದೆ. ಮೊದಲು ಕಬ್ಬಿಣ, ಬಿ12, ಥೈರಾಯಿಡ್ ಸರಿಮಾಡಿಕೊಳ್ಳುವುದು. ಆಮೇಲೆ ಗೋಡೆಯ ಪರೀಕ್ಷೆ, ನೀರು, ಉಪ್ಪು. ನಾಡಿ ಏರುತ್ತಿದ್ದರೆ, ಬಿಪಿ ಚೆನ್ನಾಗಿದ್ದರೆ ಪ್ರೊಪ್ರಾನಲಾಲ್, ಬಿಪಿ ಕಡಿಮೆ ಇದ್ದರೆ ಐವಾಬ್ರಡಿನ್. ನಿದ್ದೆ ನೋವಿಗೆ 5 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್. ಇವೆಲ್ಲ ಒಂದು ಹದಕ್ಕೆ ಬಂದ ಮೇಲೆ ನಾಲ್ಟ್ರೆಕ್ಸೋನ್. ಈ ಸಾಲು ನನ್ನ ಮೈಗೆ ಒಗ್ಗುವ ಸಾಲು, ನಿಮ್ಮದು ನೋವಿನಿಂದ ಶುರುವಾಗಬಹುದು.

ಕೊನೆಯದಾಗಿ ದಾಸ್ತಾನಿನ ವಿಷಯ. ಪ್ರೊಪ್ರಾನಲಾಲ್, ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್ ಯಾವುದನ್ನೂ ಥಟ್ಟಂತ ನಿಲ್ಲಿಸುವ ಹಾಗಿಲ್ಲ, ಇಳಿಸುತ್ತಾ ಬಿಡಬೇಕು. ಅಗ್ಗದವನ್ನು ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ಕಂಪನಿ ಹೆಸರಲ್ಲದೆ ಔಷಧಿಯ ಹೆಸರನ್ನೇ ಬರೆಸಿಕೊಂಡು ಹೋದರೆ ಸುಲಭ. ಒಂದು ವಾರಕ್ಕೆ ಆಗುವಷ್ಟು ಉಳಿದಿರುವಾಗಲೇ ಹೊಸದನ್ನು ತರಿಸಿ. ಅದರಲ್ಲೂ ಮೈಸೂರಿನವರು ದಸರಾಕ್ಕೆ ಮುಂಚೆ ತರಿಸಿಟ್ಟುಕೊಳ್ಳಿ. ಆಯುಧಪೂಜೆಗೆ ಅಂಗಡಿ ಬೇಗ ಮುಚ್ಚುತ್ತಾರೆ, ಜಂಬೂಸವಾರಿಯ ದಿನ ಸಯ್ಯಾಜಿ ರಾವ್ ರಸ್ತೆಯ ಆ ಕಡೆಯಿಂದ ಈ ಕಡೆಗೆ ದಾಟಲು ಆಗುವುದಿಲ್ಲ.